ತಾಮ್ರದ ಹಳಿ, ಮೈತ್ರಿಯ ಲೆಕ್ಕ

1965ರಲ್ಲಿ ರೊಡೇಷಿಯಾದ ಬಿಳಿಯರ ಸರ್ಕಾರ ಏಕಪಕ್ಷೀಯವಾಗಿ ಸ್ವಾತಂತ್ರ್ಯ ಘೋಷಿಸಿಕೊಂಡಾಗ, ದಕ್ಷಿಣದ ರೈಲುಮಾರ್ಗವನ್ನೇ ನೆಚ್ಚಿದ್ದ ಜಾಂಬಿಯಾದ ತಾಮ್ರಕ್ಕೆ ಕಡಲಿನ ದಾರಿ ಸಂದಿಗ್ಧವಾಯಿತು. ಟಾಂಜಾನಿಯಾದ ದಾರ್ ಎಸ್ ಸಲಾಮ್ ಬಂದರಿಗೆ ಹೊಸ ಮಾರ್ಗವೆಂಬ ಯೋಜನೆಯನ್ನು ವಿಶ್ವಬ್ಯಾಂಕ್ ಲಾಭದಾಯಕವಲ್ಲವೆಂದು ಮೊದಲೇ ತಳ್ಳಿಹಾಕಿತ್ತು. ಒಪ್ಪಿದ್ದು, ತಾನೂ ಬಡರಾಷ್ಟ್ರವೇ ಆಗಿದ್ದ ಚೀನಾ. 1967ರಲ್ಲಿ ಒಪ್ಪಂದವಾಯಿತು, 1970ರಿಂದ 1975ರೊಳಗೆ ಸುಮಾರು 1,860 ಕಿಲೋಮೀಟರ್ ಹಳಿ ಸಿದ್ಧವಾಯಿತು.

ಸಾಲಕ್ಕೆ ಬಡ್ಡಿಯಿರಲಿಲ್ಲ. ಆದರೆ ಸ್ಥಳೀಯ ವೆಚ್ಚಕ್ಕೆ ಚೀನಾ ನಗದು ಕೊಡದೆ ಸರಕು ಕೊಟ್ಟಿತು. ಅದನ್ನು ತಮ್ಮ ಅಂಗಡಿಗಳಲ್ಲಿ ಮಾರಿ ಎರಡೂ ದೇಶಗಳು ಕೂಲಿ ಹೊಂದಿಸಬೇಕಾಯಿತು. ಮೈತ್ರಿಯ ಸ್ತುತಿಪಾಠಕರು ಈ ವ್ಯಾಪಾರದ ಎಳೆಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ರಾಜತಾಂತ್ರಿಕ ಫಲವಂತೂ ಬೇಗನೆ ಕೈಸೇರಿತು. 1971ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ಚೀನಾದ ಸ್ಥಾನ ಮತಕ್ಕೆ ಬಂದಾಗ, ಪರವಾಗಿ ಬಿದ್ದ 76 ಮತಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಆಫ್ರಿಕದ್ದು. ಹಳಿ ಆಗಿನ್ನೂ ಜಾಂಬಿಯಾದ ಗಡಿ ಮುಟ್ಟಿರಲಿಲ್ಲ.