ಅಣ್ಣಿಗೇರಿಯಲ್ಲಿ ಅಸ್ತಮಿಸಿದ ಸಾಮ್ರಾಜ್ಯ

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ದಾರಿಯಲ್ಲಿ, ಎರೆಹೊಲಗಳ ನಡುವೆ ಅಣ್ಣಿಗೇರಿ ಇದೆ. ಬೆಳ್ವೊಲ ಮುನ್ನೂರರ ರಾಜಧಾನಿಯೆಂದೂ ಪಂಪನ ತಾಯಿಯ ತವರೂರೆಂದೂ ಅದನ್ನು ಬಲ್ಲವರು ಅನೇಕರು. ಕಲ್ಯಾಣದ ಚಾಲುಕ್ಯ ಸಾಮ್ರಾಜ್ಯ ತನ್ನ ಕೊನೆಯ ವರ್ಷಗಳನ್ನು ಕಳೆದದ್ದೂ ಇಲ್ಲಿಯೇ. ಎರಡು ಶತಮಾನ ನಿಂತ ರಾಜ್ಯವು ಒಬ್ಬ ಮನುಷ್ಯನ ಆಯುಸ್ಸಿನೊಳಗೆ ಕುಸಿದುದೇಕೆ? ಹೊರಗಿನ ಶತ್ರುವಿನತ್ತ ಬೆರಳು ತೋರಿಸುವುದು ಸುಲಭ. ಅಣ್ಣಿಗೇರಿಯ ಸಾಕ್ಷ್ಯ ಮಾತ್ರ ಬೇರೆಯೇ ಆಗಿದೆ.

ಹೊರಗಿನ ಪೆಟ್ಟನ್ನು ಈ ಊರು ಮೊದಲೇ ಉಂಡಿತ್ತು. ಗಂಗ ದೊರೆ ಬೂತುಗನು ಕಟ್ಟಿಸಿದ ಇಲ್ಲಿಯ ಜಿನಾಲಯವನ್ನು ಹನ್ನೊಂದನೆಯ ಶತಮಾನದಲ್ಲಿ ಚೋಳರು ಸುಟ್ಟರು; ಲಕ್ಷ್ಮರಸನೆಂಬ ಮಾಂಡಲಿಕನು ಅದನ್ನು ಜೀರ್ಣೋದ್ಧಾರ ಮಾಡಿಸಿದನು. 1071ರ ಸುಮಾರಿನ ಗಾವರವಾಡದ ಶಾಸನ ಈ ವೃತ್ತಾಂತವನ್ನು ಹೇಳುತ್ತದೆ. ಊರ ಹೆಮ್ಮೆಯಾದ ಅಮೃತೇಶ್ವರ ಗುಡಿಯೂ ಅದೇ ಶತಮಾನದ್ದು. ವ್ಯವಸ್ಥೆ ಗಟ್ಟಿಯಾಗಿದ್ದಾಗ ಸುಟ್ಟದ್ದೂ ಚಿಗುರುತ್ತದೆ.

ಆ ವ್ಯವಸ್ಥೆಯಾದರೂ ಎಂಥದು? 973ರಲ್ಲಿ ಇಮ್ಮಡಿ ತೈಲಪನು ಸ್ಥಾಪಿಸಿದ ಸಾಮ್ರಾಜ್ಯವು ಮಾಂಡಲಿಕರ ಹೆಣಿಗೆಯಾಗಿತ್ತು. ಹೊಯ್ಸಳ, ಸೇವುಣ, ಕಾಕತೀಯ, ಕಳಚುರಿ, ಕದಂಬ ಮನೆತನಗಳು ಚಕ್ರವರ್ತಿಯ ಹೆಸರಿನಲ್ಲಿ ನಾಡನ್ನು ಆಳುತ್ತಿದ್ದವು. ಅಯ್ಯಾವೊಳೆ ಐನೂರ್ವರೆಂಬ ವರ್ತಕರು ಈ ನಾಡುಗಳನ್ನೆಲ್ಲ ವ್ಯಾಪಾರದಿಂದ ಬೆಸೆದಿದ್ದರು. ಆದರೆ ಪ್ರತಿಯೊಬ್ಬ ಮಾಂಡಲಿಕನಿಗೂ ತನ್ನದೇ ಸೈನ್ಯವಿತ್ತು, ತನ್ನದೇ ವರಮಾನವಿತ್ತು. ಸಾಮ್ರಾಜ್ಯದ ಬಲವೇ ಅದರ ಬಿರುಕೂ ಆಗಿತ್ತು.

ಮೊದಲು ಬಿಜ್ಜಳನು ಮುಮ್ಮಡಿ ತೈಲಪನಿಂದ ಅಧಿಕಾರವನ್ನು ಕಸಿದು, 1162ರಲ್ಲಿ ಚಕ್ರವರ್ತಿಯ ಬಿರುದುಗಳನ್ನು ಧರಿಸಿದನು. ಮರುವರ್ಷವೇ, 1163ರಲ್ಲಿ, ಕಾಕತೀಯ ರುದ್ರನು ಹನುಮಕೊಂಡದಲ್ಲಿ ಸ್ವತಂತ್ರನಾದನು. ಒಬ್ಬನು ಕಟ್ಟು ಮುರಿದರೆ ಉಳಿದವರಿಗೆ ನಿಷ್ಠೆಯೇ ನಷ್ಟದ ಬಾಬತ್ತು. 1184ರ ಹೊತ್ತಿಗೆ ನಾಲ್ಕನೆಯ ಸೋಮೇಶ್ವರನು ಸಿಂಹಾಸನವನ್ನು ಮರಳಿ ಪಡೆದು ಅಣ್ಣಿಗೇರಿಯಿಂದ ಆಳಿದನೇನೋ ನಿಜ. ಆದರೆ ಆಳಿಸಿಕೊಳ್ಳುವವರೇ ಉಳಿದಿರಲಿಲ್ಲ. ಉತ್ತರದಿಂದ ಸೇವುಣ ಭಿಲ್ಲಮ, ದಕ್ಷಿಣದಿಂದ ಹೊಯ್ಸಳ ಇಮ್ಮಡಿ ಬಲ್ಲಾಳ ನುಗ್ಗಿದರು. ದೊರೆ ಬನವಾಸಿಯ ಕಡೆಗೆ ಸರಿದನು. ವಾರಸುದಾರರಿಬ್ಬರೂ ಸಮೀಪದ ಸೊರಟೂರಿನಲ್ಲಿ ತಮ್ಮೊಳಗೇ ಕಾದಾಡಿದರು.

ಈ ಒಡಕಿನ ಬೆಲೆಯನ್ನು ಮುಂದಿನವರು ತೆತ್ತರು. ದೆಹಲಿಯ ಸೈನ್ಯ 1296ರಲ್ಲಿ ದೇವಗಿರಿಯನ್ನು, 1310ರಲ್ಲಿ ಓರಂಗಲ್ಲನ್ನು, 1311ರಲ್ಲಿ ದೋರಸಮುದ್ರವನ್ನು ಒಂದೊಂದಾಗಿ ಮಣಿಸಿತು. ದೋರಸಮುದ್ರದ ದಂಡಯಾತ್ರೆಗೆ ದೇವಗಿರಿಯ ರಾಮಚಂದ್ರನೇ ನೆರವಿತ್ತನು!

ಇಂಥ ಸರಣಿ ಕುಸಿತ ನಮ್ಮಲ್ಲಿ ಮಾತ್ರ ಆದುದಲ್ಲ. ಕ್ರಿ. ಪೂ. 1200ರ ಸುಮಾರಿಗೆ ಮೆಡಿಟರೇನಿಯನ್ ಸಮುದ್ರದ ಪೂರ್ವತೀರದ ಉಗಾರಿಟ್, ಹಿಟ್ಟೈಟರ ರಾಜಧಾನಿ ಹಟ್ಟುಶ, ಗ್ರೀಸಿನ ಮೈಸೀನೆಯ ಅರಮನೆಗಳು ಕೆಲವೇ ದಶಕಗಳಲ್ಲಿ ಹಾಳಾದವು. ಕಂಚಿಗೆ ಬೇಕಾದ ತಾಮ್ರ ಸೈಪ್ರಸ್ಸಿನಿಂದ, ತವರ ಇನ್ನೂ ದೂರದಿಂದ ಬರಬೇಕಾಗಿತ್ತು. ಬರ, ಭೂಕಂಪ, ದಾಳಿ ಒಂದರ ಮೇಲೊಂದು ಎರಗಿದಾಗ ಒಬ್ಬರ ಸಂಕಟ ಎಲ್ಲರದೂ ಆಯಿತು. ಗ್ರೀಸಿನಲ್ಲಂತೂ ಬರವಣಿಗೆಯೇ ಕಳೆದುಹೋಗಿ, ಹಲವು ಶತಮಾನಗಳ ತರುವಾಯ ಹೊಸ ಲಿಪಿ ಬಂದಿತು. ಅವರ ಹಳೆಯ ಲಿಪಿಯನ್ನು ಮೈಕೇಲ್ ವೆಂಟ್ರಿಸ್ 1952ರಲ್ಲಿ ಬಿಡಿಸಿದಾಗ ದೊರೆತದ್ದು ಬಹುಮಟ್ಟಿಗೆ ಅರಮನೆಯ ಉಗ್ರಾಣದ ಲೆಕ್ಕ. ಅರಮನೆಗೆ ಮಾತ್ರ ಬೇಕಾಗಿದ್ದ ಅಕ್ಷರ ಅರಮನೆಯೊಂದಿಗೇ ಅಳಿಯಿತು.

ಬೆಳ್ವೊಲದಲ್ಲಿ ಹಾಗಾಗಲಿಲ್ಲ. ಇಲ್ಲಿ ಅಕ್ಷರವು ಬಸದಿ, ಗುಡಿ, ಅಗ್ರಹಾರ, ಸಂತೆಗಳಲ್ಲಿ ಹರಡಿತ್ತು. ಕಲ್ಲುಕುಟಿಗನಿಗೆ ದೊರೆಯ ಹೆಸರು ಬದಲಾಯಿತೇ ಹೊರತು ಭಾಷೆ ಬದಲಾಗಲಿಲ್ಲ; 1192ರಲ್ಲಿಯೇ ಬಲ್ಲಾಳನ ಶಾಸನ ಗದಗಿನಲ್ಲಿ ನಿಂತಿತು. ಅದೇ ಗದಗಿನಲ್ಲಿ ಮುಂದೆ ಕುಮಾರವ್ಯಾಸನು ಭಾರತವನ್ನು ಬರೆದನು. ಸಿಂಹಾಸನಗಳ ಹೆಣಿಗೆ ಬಿಚ್ಚಿಹೋದರೂ ಊರೂರಿನಲ್ಲಿ ಬೇರು ಬಿಟ್ಟ ವಿದ್ಯೆ ಉಳಿಯಿತು. ಒಂದು ನಾಗರಿಕತೆಯ ಆಯುಸ್ಸನ್ನು ಅಳೆಯುವಾಗ ರಾಜಧಾನಿಯನ್ನಷ್ಟೇ ನೋಡಿದರೆ ಸಾಲದು. ಅಣ್ಣಿಗೇರಿಯಂಥ ಊರುಗಳನ್ನೂ ನೋಡಬೇಕು.