ಬಿರುದಿನ ಪಟ್ಟಿ, ಕೂಲಿಯ ಲೆಕ್ಕ

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಸಿರಿಗೆರೆ, ಹೊಳಲ್ಕೆರೆ, ಹೊಸದುರ್ಗದ ಕಡೆಯವರೆಲ್ಲ ಹಿರಿಯೂರಿನ ದಾರಿ ಹಿಡಿದರು. ಆಗ ಮತ್ತೆ ಮತ್ತೆ ಕೇಳಿಬಂದವು ಎರಡು ಹೆಸರು: ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನ, ದಿವಾನ್ ಕೆ. ಶೇಷಾದ್ರಿ ಅಯ್ಯರ್. ಸಲ್ಲಬೇಕಾದ ಗೌರವವೇ. ಆದರೆ 1898ರಿಂದ 1907ರವರೆಗೆ ವೇದಾವತಿಗೆ ಅಡ್ಡಲಾಗಿ ಕಲ್ಲು ಹೊತ್ತವರು, ಮಣ್ಣು ಅಗೆದವರು ನಮ್ಮ ಚರಿತ್ರೆಯಲ್ಲಿ ‘ಕೂಲಿಗಳು’ ಎಂಬ ಒಂದೇ ಪದದಲ್ಲಿ ಮುಗಿದುಹೋಗುತ್ತಾರೆ.

ಮೈಸೂರು ಸಂಸ್ಥಾನದಲ್ಲಿ ಕೆಲಸ ಸೃಷ್ಟಿಸುವುದು ಸರ್ಕಾರದ ಹೊಣೆ ಎಂಬ ಮಾತು ಬಲವಾಗಿ ಬಂದದ್ದು ಬರಗಾಲದಿಂದ. 1876–78ರ ಧಾತು–ಈಶ್ವರ ಸಂವತ್ಸರಗಳ ಬರದ ಪೆಟ್ಟು ಜನಗಣತಿಯಲ್ಲೇ ಕಾಣುತ್ತದೆ: 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕಿಂತ ಕೆಳಗಿಳಿದಿತ್ತು. ಬೆಂಗಳೂರು–ಮೈಸೂರು ರೈಲುದಾರಿ ಶುರುವಾದದ್ದು ಆಗಲೇ, ಹಸಿದವರಿಗೆ ಕೆಲಸ ಕೊಡುವ ಕಾಮಗಾರಿಯಾಗಿ. ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ದಿನಗೂಲಿಯನ್ನು ಒಂದು ಪೌಂಡು ಧಾನ್ಯ, ಮೇಲೊಂದು ಆಣೆಗೆ ಇಳಿಸಿದ್ದ. ಎಷ್ಟು ಕೊಟ್ಟರೆ ಸಾಯದೆ ದುಡಿಯುತ್ತಾರೆ ಎಂಬುದೇ ಅಲ್ಲಿನ ಲೆಕ್ಕ. ಇದನ್ನು ಉದಾರತೆ ಎನ್ನಲು ನನಗೆ ಮನಸ್ಸು ಬಾರದು.

ಇನ್ನೊಂದು ಬಗೆಯ ಕೆಲಸವೂ ಇತ್ತು: ಹುದ್ದೆ. 1891ರಲ್ಲಿ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಆರಂಭವಾಯಿತು. ಮದ್ರಾಸಿನಿಂದ ಬಂದವರಿಗೇ ದೊಡ್ಡ ಹುದ್ದೆಗಳೆಲ್ಲ ಸಿಗುತ್ತಿವೆ ಎಂಬುದು ಸಂಸ್ಥಾನದ ವಿದ್ಯಾವಂತರ ಹಳೆಯ ದೂರು. ಮೈಸೂರಿನವರೊಳಗೇ ಯಾರಿಗೆ ಎಂಬ ಪ್ರಶ್ನೆ ಮೇಲೆ ಬಂದದ್ದು ಆಮೇಲೆ. 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕೆಂದು ಅದು ಶಿಫಾರಸು ಮಾಡಿತು. ಇಂಥ ನೀತಿಯನ್ನೇ ಒಪ್ಪದ ವಿಶ್ವೇಶ್ವರಯ್ಯನವರು ಶಿಫಾರಸು ಬರುವ ಮೊದಲೇ ದಿವಾನಗಿರಿ ಬಿಟ್ಟಿದ್ದರು. 1921ರಲ್ಲಿ ಆದೇಶ ಹೊರಬಿತ್ತು. ಮೀಸಲಾತಿಯ ಚರಿತ್ರೆಯಾಗಿ ಇದು ನಮಗೆ ಗೊತ್ತು. ಸರ್ಕಾರಿ ಕೆಲಸವೆಂದರೆ ಸಂಬಳವಷ್ಟೇ ಅಲ್ಲ, ಮರ್ಯಾದೆ ಎಂಬ ನಂಬಿಕೆಯ ಚರಿತ್ರೆಯೂ ಹೌದು.

ಆ ಮರ್ಯಾದೆಗೆ ಅರಮನೆ ಮುದ್ರೆ ಒತ್ತುತ್ತಿತ್ತು. ರಾಜಸೇವಾಸಕ್ತ, ರಾಜಸೇವಾಪ್ರಸಕ್ತ ಮುಂತಾದ ಬಿರುದುಗಳು ಬಹುಮಟ್ಟಿಗೆ ನೌಕರರಿಗೆ ಸರ್ಕಾರ ಹೇಳಿದ ಕೃತಜ್ಞತೆ. ಬಿ.ಎಂ.ಶ್ರೀ. ಮೊದಲನೆಯದನ್ನು ಪಡೆದರು, ಮಾಸ್ತಿ ಎರಡನೆಯದನ್ನು. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಇವನ್ನು ಕವಿಗಳ ಹೆಸರಿನ ಹಿಂದಿನ ಅಲಂಕಾರವೆಂದು ಓದಿಕೊಂಡು ಹೋಗುತ್ತೇವೆ. ಮಾಸ್ತಿಯವರ ಮಟ್ಟಿಗೆ ಅದು ಅಷ್ಟು ಸಲೀಸಲ್ಲ. ಸಿವಿಲ್ ಸರ್ವಿಸ್‌ನಲ್ಲಿ ಜಿಲ್ಲಾಧಿಕಾರಿಯವರೆಗೆ ಏರಿದ ಅವರು, ತಮಗಿಂತ ಕಿರಿಯರೊಬ್ಬರಿಗೆ ಮಂತ್ರಿ ಪದವಿ ಸಿಕ್ಕಾಗ ರಾಜೀನಾಮೆ ಕೊಟ್ಟು ಹೊರಬಂದರು. ಬಿರುದು ಕೊಟ್ಟ ಸರ್ಕಾರವೇ ಬಡ್ತಿ ತಪ್ಪಿಸಿತ್ತು. ನೌಕರನಿಗೆ ಎರಡರಲ್ಲಿ ಯಾವುದು ದೊಡ್ಡದು ಎಂಬುದಕ್ಕೆ ಅವರ ರಾಜೀನಾಮೆ ಪತ್ರವೇ ಉತ್ತರ.

ಈಗ ಬಿರುದುಗಳಿಲ್ಲ, ಸರ್ವೋತ್ತಮ ಸೇವಾ ಪ್ರಶಸ್ತಿ ಇದೆ. ಏಪ್ರಿಲ್ 21ರ ಸರ್ಕಾರಿ ನೌಕರರ ದಿನಾಚರಣೆಗೆ ಹೊಂದಿಕೊಂಡಂತೆ ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಕೊಡುತ್ತಾರೆ. ಕೂಲಿಯ ಲೆಕ್ಕವೂ ಬದಲಾಗಿದೆ. 2006ರ ಫೆಬ್ರವರಿಯಲ್ಲಿ ಗ್ರಾಮೀಣ ಉದ್ಯೋಗ ಖಾತರಿ ಮೊದಲ ಹಂತದಲ್ಲೇ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳಿಗೆ ಬಂತು. ಕುಟುಂಬಕ್ಕೆ ವರ್ಷಕ್ಕೆ ನೂರು ದಿನದ ಕೆಲಸ ಆಗಿನ ಕೇಂದ್ರದ ಕಾಯ್ದೆಯ ಮಾತಾಗಿತ್ತು. ಊರಲ್ಲಿ ಅದನ್ನು ನಡೆಸುವುದು ಗ್ರಾಮ ಪಂಚಾಯಿತಿ. ನನಗೆ ಆ ನೂರು ದಿನಕ್ಕಿಂತ ಮುಖ್ಯವಾಗಿ ಕಾಣುವುದು ಎನ್‌ಎಂಆರ್ ಹಾಳೆ. ಬದು ಹಾಕಿದವರ, ಕೆರೆಯ ಹೂಳೆತ್ತಿದವರ ಹೆಸರು, ದುಡಿದ ದಿನ, ಬಂದ ಕೂಲಿ ಎಲ್ಲವೂ ಅದರಲ್ಲಿರುತ್ತವೆ, ಸಾಮಾಜಿಕ ಪರಿಶೋಧನೆಯ ದಿನ ಊರ ಮುಂದೆ ಓದಿ ಹೇಳಬೇಕು. ಮಾರಿಕಣಿವೆಯ ಕೂಲಿಗಳಿಗೆ ಸಿಗದ ಪುಟ ಅದು.

ಹೂಳೆತ್ತುವ ಕೆಲಸ ನಮ್ಮ ಕಡೆ ಬಿರುಸಾಗುವುದು ಕೆರೆ ಒಣಗಿದ ಮೇಲೆ, ಏಪ್ರಿಲ್‌ನ ಬಿಸಿಲಲ್ಲಿ. ಜಿಲ್ಲಾ ಕೇಂದ್ರದಲ್ಲಿ ಶಾಲು ಹೊದಿಸುವ ಹೊತ್ತಿಗೆ ಆ ಹಾಳೆಯ ಹೆಸರುಗಳು ಗುದ್ದಲಿ ಹಿಡಿದು ಕೆರೆಯಂಗಳದಲ್ಲಿರುತ್ತವೆ. ಕೆಲಸ ಸರ್ಕಾರದ್ದೇ ಆದರೂ ಅವರು ಸರ್ಕಾರಿ ನೌಕರರಲ್ಲ.