ದಂತಪೀಠದ ಬಣ್ಣ: ಒಂದು ಚಾರಿತ್ರಿಕ ಸಮೀಕ್ಷೆ

ಜನರು ಹಲ್ಲುಸೆಟ್ಟೆಂದು ಕರೆಯುವ ಕೃತಕ ದಂತಪಂಕ್ತಿಯಲ್ಲಿ ಹಲ್ಲುಗಳನ್ನು ಹಿಡಿದು ನಿಲ್ಲಿಸುವ, ವಸಡಿನ ಬಣ್ಣದ ಭಾಗವೇ ದಂತಪೀಠ. ಇದರ ಬಣ್ಣ ಕೆಟ್ಟರೆ, ಧರಿಸಿದವರು ನಾಲ್ವರೆದುರು ನಗಲು ಸಂಕೋಚಪಡುವರು. ಆದುದರಿಂದ ಬಣ್ಣದ ಸ್ಥಿರತೆಯು ಕೇವಲ ಅಲಂಕಾರದ ವಿಷಯವಲ್ಲ. ಪೀಠದ್ರವ್ಯಗಳ ಚರಿತ್ರೆಯನ್ನು ನಾವು ಇಲ್ಲಿ ಈ ದೃಷ್ಟಿಯಿಂದ ಪರಿಶೀಲಿಸುವೆವು.

1851ರಲ್ಲಿ ನೆಲ್ಸನ್ ಗುಡ್‌ಇಯರ್ ಅಮೆರಿಕದಲ್ಲಿ ಹಕ್ಕುಪತ್ರ ಪಡೆದ ಗಟ್ಟಿ ರಬ್ಬರು, ಅಂದರೆ ವಲ್ಕನೈಟು, ಚಿನ್ನದ ಪೀಠವನ್ನು ಕೊಳ್ಳಲಾರದವರಿಗೂ ಹಲ್ಲುಸೆಟ್ಟನ್ನು ಒದಗಿಸಿತು. ಆದರೆ ಗಂಧಕದೊಡನೆ ಬೆಂದ ರಬ್ಬರಿನ ಸಹಜವರ್ಣ ಕಪ್ಪುಗಂದು. ಇಂಗಳೀಕವನ್ನು ಬೆರೆಸಿ ಕೆಂಪಾಗಿಸಿದರೂ ಅದು ಜೀವಂತ ವಸಡನ್ನು ಹೋಲಲಿಲ್ಲ. ವರ್ಣದ್ರವ್ಯ ಹೆಚ್ಚಿದಷ್ಟೂ ಬಲ ಕುಗ್ಗುತ್ತಿತ್ತು. 1870ರ ಸುಮಾರಿಗೆ ಬಂದ ಸೆಲ್ಯುಲಾಯಿಡು ನಸುಗೆಂಪಾಗಿದ್ದರೂ ಕಲೆ ಹಿಡಿಯುತ್ತಿತ್ತು, ಡೊಂಕಾಗುತ್ತಿತ್ತು; ಬಾಯಿಗೆ ಕರ್ಪೂರದ ರುಚಿಯೂ ಹತ್ತುತ್ತಿತ್ತು. ಅನಂತರದ ಬೇಕಲೈಟೂ ಬಣ್ಣಗೆಟ್ಟಿತು. 1937ರ ಸುಮಾರಿಗೆ ಬಳಕೆಗೆ ಬಂದ ಅಕ್ರಿಲಿಕ್ಕು ಸ್ವತಃ ಪಾರದರ್ಶಕ. ಆದಕಾರಣ ಅಲ್ಪ ವರ್ಣದ್ರವ್ಯದಿಂದಲೇ ವಸಡಿನ ಛಾಯೆಯನ್ನು ಪಡೆಯಿತು.

ಅಕ್ರಿಲಿಕ್ಕೂ ದೋಷರಹಿತವಲ್ಲ. ಅದು ನೀರನ್ನು ಹೀರುವುದರೊಡನೆ ನೀರಿನಲ್ಲಿ ಕರಗಿದ ಬಣ್ಣವನ್ನೂ ಒಳಗೊಳ್ಳುತ್ತದೆ. ಶಾಖವಿಲ್ಲದೆ ಗಟ್ಟಿಯಾಗುವ ಬಗೆಯಲ್ಲಿ ಕ್ರಿಯೆಯನ್ನು ಪ್ರಚೋದಿಸುವ ಅಮೈನು ಕಾಲಕ್ರಮದಲ್ಲಿ ಉತ್ಕರ್ಷಣಗೊಂಡು ಪೀಠವನ್ನು ಹಳದಿಯಾಗಿಸುತ್ತದೆ. ಶಾಖದಿಂದ ಬೆಂದ ಬಗೆ ಇದಕ್ಕಿಂತ ಸ್ಥಿರ. ಬಾಗುವ ಗುಣದ ನೈಲಾನು ಸಹ ಕಲೆಗೆ ಸುಲಭವಾಗಿ ಒಳಗಾಗುತ್ತದೆ.

ನಮ್ಮ ನಾಡಿನಲ್ಲಿ ಸರ್ಕಾರಿ ದಂತವೈದ್ಯ ಕಾಲೇಜು ಬೆಂಗಳೂರಿನಲ್ಲಿ 1958ರಲ್ಲಿ ಆರಂಭವಾಯಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದ ಮೇಲೆ ನಗರದ ದಂತವೈದ್ಯ ಶಿಕ್ಷಣ ಅದರ ಆಶ್ರಯಕ್ಕೆ ಬಂದಿತು. ಮಲ್ಲತ್ತಹಳ್ಳಿಯ ನೆರೆಯ ಜ್ಞಾನಭಾರತಿ ಅದರ ಆವರಣ. 1996ರಲ್ಲಿ ಈ ಹೊಣೆಯು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿತು.

ಇಲ್ಲಿನ ವಿದ್ಯಾರ್ಥಿಗಳು ಗಮನಿಸತಕ್ಕ ಅಂಶವೊಂದಿದೆ. ದ್ರವ್ಯದ ತುಣುಕನ್ನು ದ್ರಾವಣದಲ್ಲಿ ನೆನೆಯಿಟ್ಟು, 1976ರಲ್ಲಿ ಅಂತರರಾಷ್ಟ್ರೀಯ ಪ್ರದೀಪನ ಆಯೋಗ ಶಿಫಾರಸು ಮಾಡಿದ ವರ್ಣಮಾನದಿಂದ ಬಣ್ಣದ ವ್ಯತ್ಯಾಸವನ್ನು ಅಳೆಯುವುದು ರೂಢಿ. ಚಹಾ, ದ್ರಾಕ್ಷಾರಸಗಳಲ್ಲಿ ಗೆದ್ದ ದ್ರವ್ಯವು ನಮ್ಮ ಬಾಯಲ್ಲಿಯೂ ಗೆಲ್ಲುವುದೆಂದು ಹೇಳಲಾಗದು. ಸಾರಿನ ಅರಿಸಿನ, ಡಿಕಾಕ್ಷನ್ ಕಾಫಿ, ಸುಣ್ಣದೊಡನೆ ಕೆಂಪೇರುವ ಅಡಿಕೆಯ ಒಗರು, ಇವೇ ಇಲ್ಲಿನ ನಿಜವಾದ ದ್ರಾವಣಗಳು. ವಲ್ಕನೈಟಿನಿಂದ ನೈಲಾನಿನವರೆಗೆ ಪ್ರತಿಯೊಂದು ದ್ರವ್ಯದ ಯೋಗ್ಯತೆಯನ್ನೂ ಕಡೆಗೆ ನಿರ್ಣಯಿಸಿದುದು ಧರಿಸಿದವರ ಬಾಯಿಯೇ. ಆದುದರಿಂದ ನಮ್ಮ ಪರೀಕ್ಷೆಗಳು ನಮ್ಮ ಜನರ ಊಟ, ತಾಂಬೂಲಗಳಿಂದಲೇ ಆರಂಭವಾಗುವುದು ಯುಕ್ತವೆಂದು ನಾವು ಭಾವಿಸುವೆವು.